ಬರೆದು ಕೊಡಿ ಸಾರ್

"ಪೇಪರಿಗೆ ಬರೀತೀರಲ್ಲ ಸಾರ್, ಇದಕ್ಕೂ ಒಂದು ಉತ್ತರ ಬರ್ದುಕೊಡಿ" ಎನ್ನುತ್ತ ಅಕ್ಕ ಇಡ್ಲಿ ತಟ್ಟೆಯ ಪಕ್ಕದಲ್ಲೇ ನೋಟಿಸನ್ನೂ ತಂದಿಟ್ಟರು. ಚಟ್ನಿ ಆಗಲೇ ಬಡಿಸಿ ಆಗಿತ್ತು. ಕಾಗದದ ಒಂದು ಮೂಲೆ ಅದರಲ್ಲಿ ಅದ್ದಿಕೊಂಡಿತು. ಆ ಕಾಗದದಲ್ಲಿ ಉಪ್ಪು ಖಾರ ಅಂತ ಏನಾದರೂ ಇದ್ದದ್ದು ಆ ಮೂಲೆಯಲ್ಲಿ ಮಾತ್ರ.

ನೋಟಿಸಿನ ದಿನಾಂಕ ತಿಂಗಳ 3. ರವಾನೆ ಮುದ್ರೆ 11. ಅಕ್ಕನ ಕೈಸೇರಿದ್ದು 16ಕ್ಕೆ. ಕೊನೆಯ ಸಾಲು ಹೀಗಿತ್ತು: ಈ ನೋಟಿಸಿನ ದಿನಾಂಕದಿಂದ 7 ದಿನಗಳೊಳಗೆ ಲಿಖಿತ ಸಮಜಾಯಿಷಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ನಿಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಲೈಸೆನ್ಸ್ ರದ್ದುಪಡಿಸಲು ಏಕಪಕ್ಷೀಯವಾಗಿ ಕ್ರಮ ಜರುಗಿಸಲಾಗುವುದು. ಅಂದರೆ ಗಡುವು ಮುಗಿದು ಆರು ದಿನವಾದ ಮೇಲೆ ಗಡುವಿನ ಸುದ್ದಿ ಬಂದಿದೆ. ತಿಥಿಯೂಟ ಮುಗಿದ ಮೇಲೆ ಸಾವಿನ ಕಾಗದ ಬಂದ ಹಾಗೆ.

ಆ 'ಭಾವಿಸಿ' ಎಂಬ ಪದ ನೋಡಿ. ಕನ್ನಡದ ಕವಿಗಳು ಬರಿದೇ ಹೆಸರು ಮಾಡಿಕೊಂಡರು, ನಮ್ಮ ಸರ್ಕಾರಿ ಕಚೇರಿಗಳಷ್ಟು ಭಾವಜೀವಿಗಳು ಇನ್ನೊಬ್ಬರಿಲ್ಲ. ಅಕ್ಕ ಉತ್ತರ ಕೊಡಲಿಲ್ಲ ಎಂದು ಭಾವಿಸುತ್ತಾರೆ. ತಪ್ಪು ಒಪ್ಪಿಕೊಂಡರು ಎಂದು ಭಾವಿಸುತ್ತಾರೆ. ಅಂಗಡಿ ಮುಚ್ಚಿದರೆ ಮನೆಯಲ್ಲಿ ನಾಲ್ಕು ಹೊಟ್ಟೆ ಇವೆ ಎಂಬಲ್ಲಿಗೆ ಮಾತ್ರ ಅವರ ಭಾವನೆ ಬತ್ತುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಈ ಅಕ್ಕ ಒಬ್ಬರಲ್ಲ. ಮೈಸೂರಿನ ಹಿನಕಲ್ ಆಸುಪಾಸಿನಲ್ಲಿ ನಾನು ತಿಂಡಿ ತಿನ್ನುವ, ಚಹಾ ಕುಡಿಯುವ, ಜೆರಾಕ್ಸ್ ಮಾಡಿಸುವ ನಾಲ್ಕೈದು ಅಂಗಡಿಯವರನ್ನು ಒಟ್ಟಿಗೆ ನೆನೆಹಾಕಿ ರುಬ್ಬಿದ ಹಿಟ್ಟು. ಯಾವ ಕಚೇರಿಯ ನೋಟಿಸು ಎಂದೂ ಕೇಳಬೇಡಿ. ಒಂದು ಇಡ್ಲಿ ಅಂಗಡಿಗೆ ನೋಟಿಸು ಕಳಿಸುವ ಅಧಿಕಾರ ಈ ರಾಜ್ಯದಲ್ಲಿ ಎಷ್ಟು ಕಚೇರಿಗಳಿಗಿದೆ ಎಂದು ಎಣಿಸುತ್ತ ಹೋದರೆ ಇಡ್ಲಿ ತಣ್ಣಗಾಗುತ್ತದೆ.

ಅಕ್ಕನ ಗೋಡೆ ನೋಡಿದರೆ ಒಂದು ಅಂದಾಜು ಸಿಕ್ಕೀತು. ಗಲ್ಲಾಪೆಟ್ಟಿಗೆಯ ಮೇಲೆ ಚಾಮುಂಡೇಶ್ವರಿ, ನಂಜುಂಡೇಶ್ವರ, ಮಲೆ ಮಹದೇಶ್ವರ. ಅವರ ಕೆಳಗೆ ಒಂದೇ ಅಳತೆಯ ಕಟ್ಟು ಹಾಕಿಸಿದ ಐದು ಕಾಗದ. ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ, ಟ್ರೇಡ್ ಲೈಸೆನ್ಸು, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಉದ್ಯಮ ನೋಂದಣಿ, ಇನ್ನೊಂದು ಏನೆಂದು ಅಕ್ಕನಿಗೂ ಗೊತ್ತಿಲ್ಲ; ಸೈಬರ್ ಸೆಂಟರಿನ ಹುಡುಗ "ಇರ್ಲಿ ಅಕ್ಕಾ, ಕೇಳಿದ್ರೆ ತೋರ್ಸಿ" ಎಂದು ತೆಗೆದುಕೊಟ್ಟದ್ದು. ದೇವರು ಮೂರು, ಲೈಸೆನ್ಸು ಐದು. ದೇವರಿಗೆ ದಿನಕ್ಕೊಂದು ಊದುಬತ್ತಿ ಸಾಕು, ನವೀಕರಣ ಕೇಳುವುದಿಲ್ಲ.

ಊರಿನ ಕತೆಯೂ ಸ್ವಲ್ಪ ಇದೆ. ಹುಣಸೂರು ರಸ್ತೆಯ ಹಿನಕಲ್ ಮೊನ್ನೆಮೊನ್ನೆಯವರೆಗೆ ಗ್ರಾಮ ಪಂಚಾಯಿತಿ. ಒಂದು ಕಡೆ ವಿಜಯನಗರ ನಾಲ್ಕನೇ ಹಂತ, ಇನ್ನೊಂದು ಕಡೆ ಹೆಬ್ಬಾಳ, ತಲೆಯ ಮೇಲೆ ಫ್ಲೈಓವರ್, ಆದರೂ ಕಾಗದದಲ್ಲಿ ಗ್ರಾಮ. 2020ರಲ್ಲಿ ಅಕ್ಕಪಕ್ಕದ ಪಂಚಾಯಿತಿಗಳ ಜತೆ ಅದೂ ಹೂಟಗಳ್ಳಿ ನಗರಸಭೆಗೆ ಸೇರಿತು. ಆಮೇಲೆ ಅದನ್ನು ಬೃಹತ್ ಮೈಸೂರಿಗೆ ಸೇರಿಸುವ ಮಾತು ಎದ್ದಿತು. ಊರು ಎದ್ದು ಎಲ್ಲಿಗೂ ಹೋಗಲಿಲ್ಲ, ಬೋರ್ಡು ಮಾತ್ರ ಬದಲಾಗುತ್ತಿದೆ. ಈ ನಡುವೆ ಹಳೆಯ ಲೈಸೆನ್ಸು ಹಿಡಿದವರ ಪಾಡು ವಿಚಿತ್ರ. ಲೈಸೆನ್ಸು ಪಡೆದ ಅಕ್ಕ ಗಟ್ಟಿಮುಟ್ಟಾಗಿದ್ದಾರೆ, ಲೈಸೆನ್ಸು ಕೊಟ್ಟ ಪಂಚಾಯಿತಿಯೇ ಇಲ್ಲ. ಇನ್ನು ಪಂಚಾಯಿತಿಯ ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡನ್ನೂ ನೋಟರಿ ಮಾಡಿಸಿ ತನ್ನಿ ಎನ್ನುವುದೊಂದು ಬಾಕಿ. ಊರಿನ ದೇವರು ನನ್ನೇಶ್ವರ ಈ ಆಡಳಿತಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಕೂತಿದ್ದಾನೆ. ಅವನು ಯಾವ ಕಚೇರಿಗೂ ಅರ್ಜಿ ಹಾಕಿದ್ದನ್ನು ಯಾರೂ ಕಂಡಿಲ್ಲ.

ನೋಟಿಸಿನಲ್ಲಿ ಮೂರು ಆರೋಪ. ಮೊದಲನೆಯದು ಇಡ್ಲಿ ಬಟ್ಟೆಯದು. 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಆರೋಗ್ಯ ಇಲಾಖೆ ಪತ್ತೆಹಚ್ಚಿತಲ್ಲ, ಪರೀಕ್ಷಿಸಿದ 250ರಷ್ಟು ಕಡೆಗಳಲ್ಲಿ 50ರ ಆಸುಪಾಸು ಸಿಕ್ಕಿಬಿತ್ತಲ್ಲ, ಅದರ ಬಾಲ. ಪ್ಲಾಸ್ಟಿಕ್ ಹಾಳೆಯ ಮೇಲಿನ ನಿರ್ಬಂಧ ಸರಿಯಾಗಿಯೇ ಇತ್ತು, ನನಗೆ ಅದರ ಮೇಲೆ ತಕರಾರಿಲ್ಲ. ಬಿಸಿ ಹಬೆಗೆ ಮೆತ್ತಗಾಗುವ ಹಾಳೆಯ ಮೇಲೆ ಬೆಂದ ಇಡ್ಲಿಯನ್ನು ಯಾವ ಚಟ್ನಿಯೂ ಶುದ್ಧ ಮಾಡುವುದಿಲ್ಲ. ಅದಕ್ಕೂ ಹಿಂದಿನ ವರ್ಷ ಬಾಂಬೆ ಮಿಠಾಯಿಗೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬೇಡಿ ಎಂದದ್ದೂ ಸರಿಯೇ. ಆದರೆ ಅಕ್ಕ ಪ್ಲಾಸ್ಟಿಕ್ ಮುಟ್ಟಿದವರೇ ಅಲ್ಲ. ಹಿತ್ತಲಿನ ತಂತಿಯ ಮೇಲೆ ಹನ್ನೆರಡು ಮಲ್ಲು ಬಟ್ಟೆ, ಸೋಡದ ನೀರಿನಲ್ಲಿ ಕುದಿಸಿ ಹಿಂಡಿ ಒಣಹಾಕಿದ್ದು, ನಡುವೆ ತಟ್ಟೆಯ ಗುಳಿಗಳ ಮಾಸಲು ಉಂಗುರ. ತಪಾಸಣೆಗೆ ಬಂದವರು ಅದನ್ನು ನೋಡಿ, "ಇದೇನಮ್ಮಾ ಕಲೆ?" ಎಂದರಂತೆ. "ಇಡ್ಲಿ ಕಲೆ ಸಾರ್" ಎಂದರಂತೆ ಇವರು. ನೋಟಿಸಿನಲ್ಲಿ ಅದು 'ಅನೈರ್ಮಲ್ಯಕರ ವಸ್ತ್ರದ ಬಳಕೆ' ಎಂದಾಗಿದೆ. ಪ್ಲಾಸ್ಟಿಕ್ ಹಾಕಿದವನ ಹಾಳೆಯಲ್ಲಿ ಕಲೆಯೇ ಇರುವುದಿಲ್ಲ, ಅವನು ದಿನಾ ಹೊಸದು ಹರಿದು ಹಾಕುತ್ತಾನೆ.

ಎರಡನೆಯದು: ಕಟ್ಟಡದ ಖಾತಾ ಪ್ರತಿ ಲಗತ್ತಿಸಿರುವುದಿಲ್ಲ. ಕಟ್ಟಡ ಅಕ್ಕನದಲ್ಲ, ಬಾಡಿಗೆ. ಮಾಲೀಕರ ಇ-ಖಾತಾ ಆಗಿಲ್ಲ. ಅದು ಯಾಕೆ ಆಗಿಲ್ಲ ಎಂದು ಹೇಳಹೊರಟರೆ ಇನ್ನೊಂದು ಅಂಕಣ ಬೇಕು.

ಮೂರನೆಯದೇ ಮುಖ್ಯ: 'ಇತರೆ ನ್ಯೂನತೆಗಳು.' ಅಷ್ಟೇ. ನ್ಯೂನತೆ ಯಾವುದು, ಎಲ್ಲಿ, ಯಾವಾಗ ಕಂಡಿತು, ಒಂದೂ ಇಲ್ಲ. ಆಡಳಿತ ಕನ್ನಡದಲ್ಲಿ 'ಇತರೆ'ಯಷ್ಟು ಹರಿತವಾದ ಪದ ಇನ್ನೊಂದಿಲ್ಲ. ಕೊಲೆಗಾರನ ಮೇಲೆ ಆರೋಪಪಟ್ಟಿ ಹಾಕುವಾಗಲೂ ಯಾರನ್ನು, ಯಾವುದರಿಂದ, ಎಲ್ಲಿ ಎಂದು ಬರೆಯುತ್ತಾರೆ; ಇಡ್ಲಿ ಮಾರುವವಳಿಗೆ ಮಾತ್ರ 'ಇತರೆ'. ಮೊದಲೆರಡಕ್ಕೆ ಉತ್ತರ ಬರೆದು, ಮೂರನೆಯದಕ್ಕೆ 'ಇತರೆ ನ್ಯೂನತೆಗಳಿಗೆ ನಮ್ಮಲ್ಲಿ ಇತರೆ ಸಮಜಾಯಿಷಿಗಳಿವೆ' ಎಂದು ಬರೆಯಲು ನನಗೆ ಕೈ ತುರಿಸಿತು. ಅಕ್ಕ ಬೇಡವೆಂದರು. ಅವರು ಆ ಊರಿನಲ್ಲೇ ಬದುಕಬೇಕು, ನಾನು ತಿಂದು ಹೋಗುವವನು.

ಕಾರಣ ಕೇಳುವ ನೋಟಿಸು ಎಂಬ ಹೆಸರಲ್ಲೇ ತಮಾಷೆ ಅಡಗಿದೆ. ಲೈಸೆನ್ಸು ಕಿತ್ತುಕೊಳ್ಳುವವನು ಕಾರಣ ಹೇಳಬೇಕು ಎಂಬುದು ಸಾಮಾನ್ಯ ಬುದ್ಧಿ. ಇಲ್ಲಿ ಅವನೇ ನಿಮ್ಮ ಹತ್ತಿರ ಕಾರಣ ಕೇಳುತ್ತಾನೆ: ನಿನ್ನ ಅಂಗಡಿ ಯಾಕೆ ಮುಚ್ಚಿಸಬಾರದು, ಒಂದು ಕಾರಣ ಹೇಳು ನೋಡೋಣ.

ಈ ನೋಟಿಸು ಬರುವ ಮೊದಲು ಎರಡು ಸಲ ಬಾಯಿಮಾತಿನ ಭೇಟಿ ನಡೆದಿತ್ತು. ಮೊದಲ ಸಲ, "ಇದೆಲ್ಲ ನಡಿಯಲ್ಲಮ್ಮ." ಯಾವುದೆಲ್ಲ ಎಂದು ಅಕ್ಕ ಕೇಳಿದ್ದಕ್ಕೆ, "ನಿಂಗೇ ಗೊತ್ತಿರುತ್ತೆ." ಎರಡನೇ ಸಲ, "ನಾವೇನ್ ಮಾಡಣ, ಮೇಲಿಂದ ಆರ್ಡರ್ ಬಂದಿದೆ." ಆಗ ಅಕ್ಕನ ಬಾಯಲ್ಲಿ, ಹೇಗೆ ಬಂತೋ ಅವರಿಗೂ ಗೊತ್ತಿಲ್ಲ, ಕನ್ನಡದ ಅತ್ಯಂತ ಅಪಾಯಕಾರಿ ಮಾತು ಬಂದುಬಿಟ್ಟಿತು: "ಅದನ್ನೇ ಬರ್ದುಕೊಡಿ ಸಾರ್."

ನೀವು ಅಧಿಕಾರಿಯನ್ನು ಬೈಯಬಹುದು, ಮರೆತುಬಿಡುತ್ತಾರೆ. ಅಳಬಹುದು, ಎದುರಿನ ಕುರ್ಚಿ ತೋರಿಸುತ್ತಾರೆ. ಶಾಸಕರಿಂದ ಫೋನು ಮಾಡಿಸಬಹುದು, ನಗುತ್ತ ಎದ್ದು ನಿಲ್ಲುತ್ತಾರೆ. ಬರೆದು ಕೊಡಿ ಎಂದಿರೋ, ಮುಖದ ಬಣ್ಣವೇ ಬದಲು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು, ಅದರ ಮೇಲೆ ಅಪೀಲು ಹೋಗಲಾಗುವುದಿಲ್ಲ. ಬರೆದದ್ದಕ್ಕೆ ಸಹಿ ಬೇಕು, ಸಹಿಗೆ ಒಬ್ಬ ಮನುಷ್ಯ ಬೇಕು, ಆ ಮನುಷ್ಯ ನಾಳೆ ಕೋರ್ಟಿನಲ್ಲಿ ನಿಂತು ಇದು ನನ್ನದೇ ಸಹಿ ಎನ್ನಬೇಕು. ಮೂರನೆಯ ಭೇಟಿಯ ಬದಲು ನೋಟಿಸು ಬಂದದ್ದು ಆ ಮಾತಿನಿಂದ. 'ಇತರೆ'ಯಾದರೂ ಬರವಣಿಗೆಯಲ್ಲಿ ಬಂತಲ್ಲ, ಅದನ್ನೇ ಗೆಲುವು ಎಂದುಕೊಳ್ಳಬೇಕು.

'ಮೇಲಿಂದ ಆರ್ಡರ್' ಎಂಬ ಮಂತ್ರಕ್ಕೆ ಸುಪ್ರೀಂ ಕೋರ್ಟು 1951ರಲ್ಲೇ ಮದ್ದು ಅರೆದಿಟ್ಟಿದೆ. ಗೋರ್ಧನದಾಸ್ ಭಾನ್‌ಜಿ ಎಂಬುವರು ಮುಂಬೈಯ ಅಂಧೇರಿಯಲ್ಲಿ ಸಿನಿಮಾ ಮಂದಿರ ಕಟ್ಟಲು ಹೊರಟರು. ಪೊಲೀಸ್ ಕಮಿಷನರು 1947ರಲ್ಲಿ ಅನುಮತಿ ಕೊಟ್ಟರು. ಎರಡು ತಿಂಗಳಾಗುತ್ತಲೇ ಅದು ರದ್ದಾಗಿದೆ, ಹೀಗೆ ತಿಳಿಸಲು ಸರ್ಕಾರದ ನಿರ್ದೇಶನವಾಗಿದೆ ಎಂದು ಪತ್ರ ಬರೆದರು. ಕೋರ್ಟು ಕೇಳಿದ್ದು ಇಷ್ಟು: ರದ್ದು ಮಾಡುವ ಅಧಿಕಾರ ನಿಯಮದಲ್ಲಿ ಯಾರಿಗಿದೆ? ಕಮಿಷನರಿಗೆ. ಹಾಗಾದರೆ ಕಮಿಷನರು ತಮ್ಮ ತಲೆ ಓಡಿಸಬೇಕಿತ್ತು, ಅಂಚೆಯವನಾಗಬೇಕಿರಲಿಲ್ಲ. ಬರೆದ ಆದೇಶದಲ್ಲಿ ಏನಿದೆಯೋ ಅದೇ ಆದೇಶ, ಆಮೇಲೆ ನನ್ನ ಮನಸ್ಸಿನಲ್ಲಿ ಇನ್ನೇನೋ ಇತ್ತು ಎನ್ನುವಂತಿಲ್ಲ ಎಂದೂ ನ್ಯಾಯಮೂರ್ತಿ ವಿವಿಯನ್ ಬೋಸ್ ಹೇಳಿದರು. 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದೇ ಮಾತನ್ನು ಎತ್ತಿಕೊಂಡು, ಆದೇಶವೆಂದರೆ ಹಳತಾದಷ್ಟೂ ರುಚಿ ಏರಲು ದ್ರಾಕ್ಷಾರಸವಲ್ಲ ಎಂಬರ್ಥದ ಮಾತು ಸೇರಿಸಿದರು. ಅಕ್ಕನಿಗೆ ಇದನ್ನು ದ್ರಾಕ್ಷಾರಸದಲ್ಲಿ ಹೇಳಿದರೆ ಆಗುವುದಿಲ್ಲ ಎಂದು ಇಡ್ಲಿ ಹಿಟ್ಟಿನಲ್ಲಿ ಹೇಳಿದೆ. "ರಾತ್ರಿ ಹಾಕದ ಉದ್ದನ್ನು ಬೆಳಗ್ಗೆ ಹಬೆ ಬಂದಮೇಲೆ ಸೇರ್ಸೋಕಾಗುತ್ತಾ?" "ಎಲ್ಲಾದ್ರೂ ಉಂಟಾ ಸಾರ್" ಎಂದರು. ಕಾನೂನು ಕಾಲೇಜಿನಲ್ಲಿ ಒಂದು ಪೀರಿಯಡ್ಡು ಹಿಡಿಯುವ ತತ್ವ ಎರಡು ಸಾಲಿಗೆ ಮುಗಿಯಿತು.

ಇದಕ್ಕಿಂತ ಹಳೆಯದು ಕೈರಾನಾದ ಕತೆ, ನನಗೆ ಬಹಳ ಇಷ್ಟ. ಉತ್ತರ ಪ್ರದೇಶದ ಆ ಪುಟ್ಟ ಪಟ್ಟಣದಲ್ಲಿ ರಶೀದ್ ಅಹಮದ್ ಎಂಬ ತರಕಾರಿ ಸಗಟು ವ್ಯಾಪಾರಿ. ಮುನಿಸಿಪಾಲಿಟಿ ಒಂದು ಉಪನಿಯಮ ಮಾಡಿತು: ಅನುಮತಿಯಿಲ್ಲದೆ ಸಗಟು ವ್ಯಾಪಾರ ಮಾಡಕೂಡದು. ಸರಿ, ಅನುಮತಿ ಕೊಡಿ ಎಂದರೆ, ಆ ಏಕಸ್ವಾಮ್ಯವನ್ನು ಇನ್ನೊಬ್ಬ ಗುತ್ತಿಗೆದಾರನಿಗೆ ಕೊಟ್ಟಾಗಿದೆ. ಅದಕ್ಕಿಂತ ಸೊಗಸೆಂದರೆ, ಲೈಸೆನ್ಸು ಕೊಡಲು ಅವಕಾಶ ಮಾಡುವ ಉಪನಿಯಮವೇ ಮುನಿಸಿಪಾಲಿಟಿಯ ಬಳಿ ಇರಲಿಲ್ಲ. ಲೈಸೆನ್ಸು ಇಲ್ಲದೆ ಮಾರಿದರೆ ಕೇಸು, ಲೈಸೆನ್ಸು ಕೊಡುವ ದಾರಿ ಇಲ್ಲ. 1950ರ ಮೇ ತಿಂಗಳಲ್ಲಿ, ಸಂವಿಧಾನಕ್ಕೆ ಇನ್ನೂ ನಾಲ್ಕು ತಿಂಗಳು ತುಂಬುವ ಮೊದಲೇ, ಸುಪ್ರೀಂ ಕೋರ್ಟು ಇದನ್ನು ಸಂಪೂರ್ಣ ನಿಷೇಧವೆಂದು ಕರೆದು, 19ನೇ ವಿಧಿ ಕೊಟ್ಟ ವ್ಯಾಪಾರದ ಹಕ್ಕಿಗೆ ಅಡ್ಡಬರಬೇಡಿ ಎಂದು ಮುನಿಸಿಪಾಲಿಟಿಗೆ ಹೇಳಿತು, ಹಾಕಿದ್ದ ಕೇಸನ್ನೂ ವಾಪಸು ತೆಗೆಸಿತು. ಗಣರಾಜ್ಯದ ಮೊದಲ ಬೇಸಿಗೆಯಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಬದನೆಕಾಯಿ, ಹೀರೇಕಾಯಿಯ ಪರವಾಗಿ ನಿಂತಿತ್ತು.

ಕಾನೂನಿನ ಮಟ್ಟಿಗೆ ಅಕ್ಕ ಅನಾಥೆಯಲ್ಲ ಎಂದು ಹೇಳಲು ಇಷ್ಟೆಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯನ್ನೇ ನೋಡಿ. ತಪ್ಪು ಕಂಡರೆ ಮೊದಲು ಸುಧಾರಣಾ ನೋಟಿಸು, ಅದರಲ್ಲಿ ತಪ್ಪೇನು, ಸರಿಪಡಿಸುವುದು ಹೇಗೆ ಎಂದು ಬರೆಯಬೇಕು, ಕನಿಷ್ಠ 14 ದಿನ ಸಮಯ ಕೊಡಬೇಕು. ಆಗಲೂ ಸರಿಯಾಗದಿದ್ದರೆ ಅಮಾನತು, ಆಮೇಲೆ ಅಹವಾಲು ಕೇಳಿ ರದ್ದತಿ. ಜನರ ಆರೋಗ್ಯಕ್ಕೆ ಅಪಾಯ ಎನಿಸಿ ತಕ್ಷಣ ಅಮಾನತು ಮಾಡುವುದಾದರೂ ಕಾರಣ ಬರೆದಿಡಲೇಬೇಕು. ಇದರ ಮೇಲೆ 15 ದಿನದೊಳಗೆ ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ. ಲೈಸೆನ್ಸಿಗೆ ಅರ್ಜಿ ಹಾಕಿ ಎರಡು ತಿಂಗಳಾದರೂ ಕಚೇರಿ ಹೂಂ, ಉಹೂಂ ಎರಡೂ ಎನ್ನದಿದ್ದರೆ ವ್ಯಾಪಾರ ಶುರು ಮಾಡಬಹುದು ಎಂದೂ ಕಾಯ್ದೆ ಹೇಳುತ್ತದೆ. ನಿಗದಿತ ದಿನಗಳೊಳಗೆ ಉತ್ತರ ಬರದಿದ್ದರೆ ಅರ್ಜಿ ಮಂಜೂರಾಗಿದೆ ಎಂದೇ ಭಾವಿಸತಕ್ಕದ್ದು ಎಂಬ ಮಾತು ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿದೆ.

ನೋಡಿದಿರಾ, ಭಾವಿಸುವ ಹಕ್ಕು ನಮಗೂ ಇದೆ! ತೊಂದರೆ ಏನೆಂದರೆ, ಭಾವಿಸಿದ ಲೈಸೆನ್ಸಿಗೆ ಕಟ್ಟು ಹಾಕಿಸಲು ಬರುವುದಿಲ್ಲ. ತಪಾಸಣೆಗೆ ಬಂದವರಿಗೆ ಖಾಲಿ ಚೌಕಟ್ಟು ತೋರಿಸಿ, "ಇಲ್ಲಿ ಲೈಸೆನ್ಸು ಇದೆ ಎಂದು ಭಾವಿಸಿ ಸಾರ್" ಎನ್ನುವ ಧೈರ್ಯದವರನ್ನು ನಾನಿನ್ನೂ ನೋಡಿಲ್ಲ.

ಸಕಾಲವೂ ಇದೆ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಅದರ ಆಶಯದ ಬಗ್ಗೆ ನನಗೆ ಗೌರವವಿದೆ. ಆದರೆ ದಿನಕ್ಕೆ 20 ರೂಪಾಯಿ ಎಂದರೆ ಅಕ್ಕನ ಅಂಗಡಿಯಲ್ಲೇ ಒಂದು ಪ್ಲೇಟು ಇಡ್ಲಿ ಬರುವುದಿಲ್ಲ. 25 ದಿನಕ್ಕೆ ಪರಿಹಾರ ಮುಗಿಯಿತು, 26ನೇ ದಿನದಿಂದ ಕಾಯುವುದು ಉಚಿತ. ಅನುಭವಸ್ಥರು ಇನ್ನೊಂದು ಗುಟ್ಟು ಹೇಳುತ್ತಾರೆ: ಗಡುವಿನ ಹಿಂದಿನ ಸಂಜೆ ಒಂದು ಆಕ್ಷೇಪಣೆ ಹಾಕಿಬಿಟ್ಟರೆ ಅರ್ಜಿ 'ವಿಲೇವಾರಿ'. ಹೊತ್ತಿಗೆ ಸರಿಯಾಗಿ ಇಲ್ಲ ಎಂದದ್ದೂ ಸಕಾಲವೇ ತಾನೆ.

ಹಾಗಾದರೆ ಜನ ಯಾಕೆ ಹೋರಾಡುವುದಿಲ್ಲ? ಹೈಕೋರ್ಟಿಗೆ ರಿಟ್ ಹಾಕಬಹುದು. ಮೈಸೂರಿನವರಿಗೆ ಬೆಂಗಳೂರಿನ ಪೀಠ. ದಶಪಥದ ಟೋಲು, ವಕೀಲರ ಫೀಜು, ಒಂದು ದಿನದ ವ್ಯಾಪಾರ ಖೋತಾ. ಅದನ್ನೆಲ್ಲ ಹೇಗೋ ಹೊಂದಿಸಬಹುದು. ಹೊಂದಿಸಲಾಗದ್ದು ಒಂದೇ. ಕೇಸು ಗೆದ್ದವರೂ ಮುಂದಿನ ಏಪ್ರಿಲ್‌ನಲ್ಲಿ ನವೀಕರಣಕ್ಕೆ ಅದೇ ಕಿಟಕಿಯ ಮುಂದೆ ನಿಲ್ಲಬೇಕು. ಅಕ್ಕ ಹೇಳಿದ್ದು, "ಗೆದ್ದೆ ಅಂತ ಗೊತ್ತಾದ್ರೆ ಕಷ್ಟ ಸಾರ್."

ಈ ಕಷ್ಟ ಎಲ್ಲರಿಗೂ ಒಂದೇ ಅಲ್ಲ. ಖಾಸಗಿ ಆಸ್ಪತ್ರೆಗಳನ್ನು ಹತೋಟಿಗೆ ತರುವ ಕೆಪಿಎಂಇ ತಿದ್ದುಪಡಿ ಬಂದಾಗ, 2017ರ ನವೆಂಬರ್‌ನಲ್ಲಿ, ರಾಜ್ಯದ ವೈದ್ಯರು ಹೊರರೋಗಿ ವಿಭಾಗಗಳಿಗೆ ಬೀಗ ಹಾಕಿ ಬೀದಿಗಿಳಿದರು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಪಾಸಾಗುವ ಹೊತ್ತಿಗೆ ಅದರ ಹಲವು ಹಲ್ಲುಗಳು ಉದುರಿದ್ದವು, ವೈದ್ಯರಿಗೆ ಜೈಲು ಎಂಬ ಕೋರೆಹಲ್ಲೂ ಸೇರಿ. ಅಕ್ಕ ಒಂದು ದಿನ ಬೀಗ ಹಾಕಿದರೆ ತಣ್ಣಗಾಗುವುದು ಅವರ ಒಲೆ ಮಾತ್ರ, ಗಿರಾಕಿ ಎದುರಿನ ಗಾಡಿಗೆ ಹೋಗುತ್ತಾನೆ. ವಕೀಲರ ಸನ್ನದಿನ ಮೇಲೆ ದೂರು ಬಂದರೆ ವಿಚಾರಿಸುವವರು ವಕೀಲರೇ. ರಾಜ್ಯ ಪರಿಷತ್ತು, ಅದರ ಮೇಲೆ ಭಾರತೀಯ ವಕೀಲರ ಪರಿಷತ್ತು, ಅದರ ಮೇಲೆ ಸುಪ್ರೀಂ ಕೋರ್ಟು. ಇಡ್ಲಿಯವರ ಪರಿಷತ್ತು ಒಂದಿದ್ದು, ನ್ಯೂನತೆ ಬಟ್ಟೆಯದೋ ಹಿಟ್ಟಿನದೋ ಎಂದು ನಾಲ್ಕು ಹಿರಿಯ ಇಡ್ಲಿಯವರು ಕೂತು ತೀರ್ಮಾನಿಸುವಂತಿದ್ದರೆ! ಇನ್ನು ಬಾರಿನ ಲೈಸೆನ್ಸು ಬಿಡಿ, ಅದರ ಜಾತಕವೇ ಬೇರೆ. 1992ರಿಂದ ಹೊಸ ಸಿಎಲ್-9 ಕೊಡುವುದನ್ನು ನಿಲ್ಲಿಸಿದ ಮೇಲೆ ಹಳೆಯ ಕಾಗದಕ್ಕೆ ಸೈಟಿಗಿಂತ ಹೆಚ್ಚು ಬೆಲೆ ಬಂತು. ಅದೇ ಗೋಡೆಯ ಮೇಲಿನ ಕಾಗದ, ಒಬ್ಬರಿಗೆ ಆಸ್ತಿ, ಇನ್ನೊಬ್ಬರಿಗೆ ವರ್ಷಕ್ಕೊಮ್ಮೆ ಬರುವ ಜ್ವರ.

ಅಂತೂ ಉತ್ತರ ಬರೆದೆ. ಒಂದೂವರೆ ಪುಟ. ನೋಟಿಸು ಕೈಸೇರಿದ ದಿನಾಂಕ, ಲಕೋಟೆಯ ಜೆರಾಕ್ಸು, ಬಟ್ಟೆ ಕುದಿಸುವ ಪಾತ್ರೆಯ ಫೋಟೊ, ಬಾಡಿಗೆ ಕರಾರಿನ ಪ್ರತಿ. ಕೊನೆಗೆ: 'ಇತರೆ ನ್ಯೂನತೆಗಳು ಯಾವುವೆಂದು ಲಿಖಿತವಾಗಿ ತಿಳಿಸಿದಲ್ಲಿ ಉತ್ತರಿಸಲು ಸಿದ್ಧಳಿದ್ದೇನೆ. ಯಾವುದೇ ಆದೇಶಕ್ಕೆ ಮೊದಲು ಖುದ್ದು ಅಹವಾಲಿಗೆ ಅವಕಾಶ ಕೋರುತ್ತೇನೆ.' ಅಂಗಡಿಯ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂಬ ಕಾನೂನನ್ನು ಅಕ್ಕ ಶೇ 100 ಪಾಲಿಸಿದ್ದಾರೆ ಎಂದೂ ಸೇರಿಸಿದೆ. ಆನ್‌ಲೈನ್ ಅರ್ಜಿ ನಮೂನೆ ಶೇ 100 ಇಂಗ್ಲಿಷಿನಲ್ಲಿತ್ತು ಎಂಬುದನ್ನು ಹೊಡೆದುಹಾಕಿದೆ, ಜಗಳ ಎಷ್ಟು ಕಡೆ ಆಡುವುದು.

ಉತ್ತರ ಬರೆಯಲು ಒಂದು ಗಂಟೆ, ಅದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಲು ಎರಡು ದಿನ. ಮೊದಲ ದಿನ ಮುದ್ರೆ ಬೀರುವಿನಲ್ಲಿತ್ತು, ಬೀರುವಿನ ಕೀಲಿ ರಜೆಯಲ್ಲಿತ್ತು. "ಬಿಟ್ಟೋಗಮ್ಮ, ಸಾರ್ ಬಂದ್ಮೇಲೆ ಕೊಡ್ತೀನಿ" ಎಂದರು. ಬಿಟ್ಟುಹೋಗುವ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಅಕ್ಕನಿಗೆ ಗೊತ್ತು. ಬಜ್ಜಿ ಕಟ್ಟಿಕೊಡಲು ಅವರು ಕೊಳ್ಳುವ ರದ್ದಿಯಲ್ಲಿ ಅಂಥವು ಎಷ್ಟೋ ಬರುತ್ತವೆ. ಎರಡನೇ ದಿನ ಬೆಳಗಿನ ವ್ಯಾಪಾರ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ಮುದ್ರೆ ಬೀಳುವವರೆಗೆ ಮೆಟ್ಟಿಲಿನ ಮೇಲೆ ಕೂತರು. ಬಿತ್ತು. ನೇರಳೆ ಶಾಯಿ ಹರಡಿಕೊಂಡು ದಿನಾಂಕ 21ರ ಹಾಗೂ ಕಾಣುತ್ತದೆ, 27ರ ಹಾಗೂ ಕಾಣುತ್ತದೆ. ಅದಕ್ಕೂ ಕಟ್ಟು ಹಾಕಿಸಿ ಮಹದೇಶ್ವರನ ಕೆಳಗೆ ಆರನೆಯದಾಗಿ ತೂಗುಹಾಕಿದ್ದಾರೆ.

ಉತ್ತರಕ್ಕೆ ಉತ್ತರ ಬಂದಿಲ್ಲ. ರದ್ದೂ ಆಗಿಲ್ಲ. ಲೈಸೆನ್ಸು ಇದೆ ಎಂದು ಅಕ್ಕ, ಇಲ್ಲ ಎಂದು ಕಚೇರಿ, ಇಬ್ಬರೂ ಭಾವಿಸಿಕೊಂಡಿದ್ದಾರೆ.

ಹೋದ ವಾರ ನಾನು ಎರಡನೇ ಪ್ಲೇಟು ಮುಗಿಸುವ ಹೊತ್ತಿಗೆ ಆ ಹಳೆಯ ಬಾಯಿಮಾತಿನ ಸಾಹೇಬರೇ ಬಂದು ಎದುರಿನ ಬೆಂಚಿನಲ್ಲಿ ಕೂತರು. ನಾಲ್ಕು ಇಡ್ಲಿ, ಒಂದು ವಡೆ, ಕಾಫಿ. ತಿಂದು, ಕೈ ತೊಳೆದು, ಎಂದಿನಂತೆ ತಲೆಯಾಡಿಸಿ ಹೊರಟರು. ಅಕ್ಕ ಗಲ್ಲಾದ ಕೆಳಗಿನಿಂದ ಎಣ್ಣೆಜಿಡ್ಡಿನ ಉದ್ದನೆಯ ನೋಟ್‌ಬುಕ್ಕು ತೆಗೆದು, ಕಿವಿಯ ಮೇಲಿನ ಪೆನ್ನು ಇಳಿಸಿದರು.

"ಸಾರ್, ಖಾತಾ ಕೇಳಿದ್ರಲ್ಲ, ಕಟ್ಟಡದ್ದು ಓನರ್ ಹತ್ರ ಇದೆ. ನಿಮ್ಮದು ನನ್ನ ಹತ್ರ ಇದೆ. ಮೂರು ವರ್ಷದಿಂದ ಬರ್ದಿಟ್ಟಿದೀನಿ. ಇವತ್ತಿಂದೂ ಬರ್ಕೊಳ್ಳಲಾ?"

ಸಾಹೇಬರು ಜೇಬಿಗೆ ಕೈಹಾಕಿದರು. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಎಷ್ಟಾಯ್ತು?"

"ಇವತ್ತಿಂದು ನೂರ ಹತ್ತು. ಇತರೆ ಬೇರೆ ಇದೆ."